ಎಡಗಣ್ಣಿನ ನಂಬರು

ಭೂಗೋಳ ಮೇಷ್ಟ್ರು ಸೋಮವಾರ ಬೆಳಿಗ್ಗೆ ವಾಕಿಂಗ್ ಹೋದವರು ವಾಪಸು ಬಂದಿಲ್ಲ ಎಂಬ ಸುದ್ದಿ ಹನ್ನೊಂದು ಗಂಟೆ ಹೊಡೆಯುವಷ್ಟರಲ್ಲಿ ಗಲ್ಲಿಯ ಹದಿನಾಲ್ಕೂ ಮನೆಗಳನ್ನು ಮುಟ್ಟಿತ್ತು. ಮಧ್ಯಾಹ್ನ ಮೂರಕ್ಕೆ ರಿಟೈರಾದ ಕಂಡಕ್ಟರು ಆರೇಳು ಜನರನ್ನು ಕಟ್ಟಿಕೊಂಡು ಪೊಲೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದರು. ಸಂಜೆಗೆ ಬೇಕರಿಯ ಗಾಜಿನ ಮೇಲೆ ಮೇಷ್ಟ್ರ ಫೋಟೋ ಅಂಟಿತು. ಕೆಳಗೆ ಬರೆದಿತ್ತು: ವಯಸ್ಸು ಎಪ್ಪತ್ತೊಂದು, ಬೂದು ಸ್ವೆಟರ್, ಕಪ್ಪು ಫ್ರೇಮಿನ ಕನ್ನಡಕ.

ಆ ಕನ್ನಡಕ ಮಾಡಿಕೊಟ್ಟವಳು ಗಲ್ಲಿ ಶುರುವಾಗುವಲ್ಲೇ ಅಂಗಡಿ ಇಟ್ಟುಕೊಂಡಿದ್ದ ಕನ್ನಡಕದಕ್ಕ. ಅಪ್ಪನ ಕಾಲದ ಅಂಗಡಿ. ಒಂದು ಕನ್ನಡಿ, ಒಂದು ಅಕ್ಷರದ ಬೋರ್ಡು, ಹಿಂದೆ ಪರದೆ ಎಳೆದ ಮೂಲೆಯಲ್ಲಿ ಕಣ್ಣು ಪರೀಕ್ಷೆಯ ಕುರ್ಚಿ. ಐವತ್ತು ದಾಟಿದ್ದ ಆಕೆಗೆ ಗಲ್ಲಿಯವರ ಹುಟ್ಟುಹಬ್ಬ ನೆನಪಿರುತ್ತಿರಲಿಲ್ಲ, ಕಣ್ಣಿನ ನಂಬರು ಮಾತ್ರ ಬಾಯಿಪಾಠ. ಮೇಷ್ಟ್ರದ್ದಂತೂ ಮರೆಯುವ ಮಾತೇ ಇಲ್ಲ. ಬಲಗಣ್ಣಿಗೆ ಮೈನಸ್ ಒಂದು, ಎಡಗಣ್ಣಿಗೆ ಮೈನಸ್ ಹನ್ನೊಂದೂವರೆ. ಅದೂ ಸಾಲದು ಎಂಬಂತೆ, ಹಿಂದೊಮ್ಮೆ ಬಿದ್ದು ತಲೆಗೆ ಪೆಟ್ಟಾದ ಮೇಲೆ ಅವರಿಗೆ ಒಂದು ವಸ್ತು ಎರಡಾಗಿ ಕಾಣುತ್ತಿತ್ತು. ಅದಕ್ಕಾಗಿ ಎಡಗಾಜನ್ನು ಮೂಗಿನ ಕಡೆಗೆ ಸ್ವಲ್ಪ ಓರೆಯಾಗಿ ಉಜ್ಜಿಸಬೇಕಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಇಂಥ ಜೋಡಿ ಇನ್ನೊಬ್ಬರದ್ದು ಅವಳ ಕೈಗೆ ಬಂದಿರಲಿಲ್ಲ.

ಗಲ್ಲಿಗೆ ಒಂದೇ ಬಾಯಿ, ಇನ್ನೊಂದು ತುದಿಯಲ್ಲಿ ಗೋಡೆ. ಒಬ್ಬರ ಮನೆಯಲ್ಲಿ ಚಮಚ ಬಿದ್ದರೆ ಪಕ್ಕದ ಮನೆಯಲ್ಲಿ ಕೂತವರು ಬೀಳಿಸಿದ್ದು ಯಾರು ಎಂದು ಹೇಳುತ್ತಿದ್ದರು. ಇಂಥ ಕಡೆಯಿಂದ ಒಬ್ಬ ಮನುಷ್ಯ ಯಾರ ಕಣ್ಣಿಗೂ ಬೀಳದೆ ಹೋಗುವುದೆಂದರೆ ಎಲ್ಲರಿಗೂ ಅವಮಾನವಾದಂತಿತ್ತು. ಮೇಷ್ಟ್ರ ತಂಗಿಯನ್ನು ಎಲ್ಲರೂ ಚಿಕ್ಕಮ್ಮ ಎನ್ನುತ್ತಿದ್ದರು. ಮದುವೆಯಾಗದೆ ಅಣ್ಣನ ಮನೆ ನೋಡಿಕೊಂಡು ಬಂದವರು. ನಲವತ್ತು ವರ್ಷ ಅಣ್ಣನ ಶರ್ಟಿನ ಗುಂಡಿ ಹೊಲಿದವರು ಈಗ ಬಾಗಿಲಲ್ಲಿ ಕೂತು, ಬಂದವರಿಗೆಲ್ಲ "ಇನ್ನೂ ಬಂದಿಲ್ಲ" ಎಂದಷ್ಟೇ ಹೇಳುತ್ತಿದ್ದರು. ಜನ ಅವರನ್ನು ಹೆಚ್ಚು ಕೆದಕಲಿಲ್ಲ.

ಕೆದಕುವ ಕೆಲಸ ಕಂಡಕ್ಟರದ್ದಾಯಿತು. ಲೈಬ್ರರಿಯ ಪತ್ತೇದಾರಿ ಕಾದಂಬರಿಗಳ ಕಪಾಟನ್ನು ಎರಡು ಸಲ ಓದಿ ಮುಗಿಸಿದ ಮನುಷ್ಯ. ಅವರು ಒಂದು ನೋಟ್‌ಬುಕ್ ತಂದು, ಯಾರು ಎಷ್ಟು ಗಂಟೆಗೆ ಎಲ್ಲಿದ್ದರು ಎಂದು ಮನೆಮನೆಗೂ ಹೋಗಿ ಬರೆದುಕೊಂಡರು. ಬರೆದದ್ದನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಬೆರಳು ಹೋಗಿ ನಿಂತಿದ್ದು ಬಡಗಿಯ ಮನೆಯ ಮುಂದೆ.

ಬಡಗಿ ಗಲ್ಲಿಗೆ ಬಂದು ಎಂಟು ವರ್ಷವಾಗಿದ್ದರೂ ಅವನನ್ನು ಇನ್ನೂ 'ಹೊಸಬ' ಎಂದೇ ಕರೆಯುತ್ತಿದ್ದರು. ಗೋಡೆಗೆ ಅಂಟಿದ ಕೊನೆಯ ಮನೆ, ಮುಂದಿನ ಕೋಣೆಯಲ್ಲೇ ಕೆಲಸ. ಮೇಷ್ಟ್ರು ಕಾಣೆಯಾದ ಮರುದಿನವೇ ಅವನು ಹಿತ್ತಲಿಗೆ ಸಿಮೆಂಟ್ ಹಾಕಿಸಿದ್ದ. ಅದಕ್ಕಿಂತ ಎರಡು ದಿನ ಮುಂಚೆ ಅವನಿಗೂ ಮೇಷ್ಟ್ರಿಗೂ ಜೋರು ಮಾತಾಗಿತ್ತು. ಅದನ್ನು ಕೇಳಿಸಿಕೊಂಡವಳು ಕನ್ನಡಕದಕ್ಕ. ಮೂಗಿನ ಪ್ಯಾಡ್ ಬದಲಾಯಿಸಿದ ಕನ್ನಡಕವೊಂದನ್ನು ಪಕ್ಕದ ಮನೆಗೆ ಕೊಡಲು ಹೋಗಿದ್ದಳು. ಬಡಗಿ ಬಾಗಿಲಿಗೆ ಅಡ್ಡ ನಿಂತು, "ಇನ್ನೊಂದ್ಸಲ ಒಳಗೆ ಕಾಲಿಟ್ರೆ ನಾನು ಸುಮ್ನಿರಲ್ಲ" ಎಂದು ಮೇಷ್ಟ್ರಿಗೆ ಹೇಳಿದ್ದ. ಇನ್ಸ್‌ಪೆಕ್ಟರ್ ಕೇಳಿದಾಗ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಉಪ್ಪುಖಾರ ಹಚ್ಚಲಿಲ್ಲ. ಹಚ್ಚುವುದಕ್ಕೆ ಬೇರೆಯವರಿದ್ದರು.

ಬಡಗಿ ಕೊಟ್ಟ ಉತ್ತರ ಗಲ್ಲಿಯನ್ನು ಇನ್ನೂ ರೇಗಿಸಿತು. ಮೇಷ್ಟ್ರ ತಲೆ ಸರಿ ಇರಲಿಲ್ಲ, ಯಾವುದೋ ಕಾಲದಲ್ಲಿ ಆರ್ಡರ್ ಕೊಟ್ಟ ಕರಿಹಲಗೆ ಎಲ್ಲಿ ಎಂದು ವಾರಕ್ಕೆ ಮೂರು ಸಲ ಬರುತ್ತಿದ್ದರು, ಅವತ್ತು ಓಡುತ್ತಿದ್ದ ಗರಗಸದ ಹತ್ತಿರ ಕೈ ಚಾಚಿದರು, ಅದಕ್ಕೇ ಗದರಿದೆ ಎಂದು ಅವನು ಹೇಳಿಕೆ ಕೊಟ್ಟಿದ್ದ. ಸಾವಿರಾರು ಮಕ್ಕಳಿಗೆ ಪಾಠ ಹೇಳಿದ ಮನುಷ್ಯನಿಗೆ ತಲೆ ಸರಿ ಇಲ್ಲ ಅನ್ನುವುದೇ? ಇನ್ಸ್‌ಪೆಕ್ಟರ್ ಚಿಕ್ಕಮ್ಮನನ್ನು ಕೇಳಿದರು. ಚಿಕ್ಕಮ್ಮ ಸ್ವಲ್ಪ ಹೊತ್ತು ನೆಲ ನೋಡಿ, "ಅಣ್ಣನಿಗೆ ಏನೂ ಆಗಿರ್ಲಿಲ್ಲ" ಎಂದರು. ಅಲ್ಲಿಗೆ ಬಡಗಿ ಸುಳ್ಳ ಎಂದು ತೀರ್ಮಾನವಾಯಿತು.

ಇನ್ಸ್‌ಪೆಕ್ಟರ್ ಮೂರು ಸಲ ಬಂದರು, ಆಮೇಲೆ ನಿಲ್ಲಿಸಿದರು. ಹಿತ್ತಲು ಅಗೆಯಿರಿ ಎಂದು ಕಂಡಕ್ಟರು ದುಂಬಾಲು ಬಿದ್ದರೆ, "ಅದಕ್ಕೆ ಕಾಗದ ಬೇಕು, ಕಾಗದಕ್ಕೆ ಕಾರಣ ಬೇಕು. ನಿಮ್ಮ ನೋಟ್‌ಬುಕ್ ಸಾಲಲ್ಲ" ಎಂದುಬಿಟ್ಟರು. ಪೊಲೀಸರು ಕೈಬಿಟ್ಟದ್ದನ್ನು ಗಲ್ಲಿ ಕೈಗೆತ್ತಿಕೊಂಡಿತು. ಬಾಗಿಲು ರಿಪೇರಿಗೆ ಬೇರೆ ಕಡೆಯಿಂದ ಬಡಗಿಯನ್ನು ಕರೆಸಿದರು. ಅವನ ಹೆಂಡತಿ ಬೇಕರಿಗೆ ಹೋದರೆ ಮಾತಾಡುತ್ತಿದ್ದವರು ಬಾಯಿಗೆ ಬೀಗ ಹಾಕಿಕೊಂಡರು. ಒಂದು ದಿನ ಯಾರೋ ಅವನ ಬಾಗಿಲ ಮೇಲೆ ಇದ್ದಿಲಿನಿಂದ 'ಎಲ್ಲಿ?' ಎಂದು ಬರೆದರು. ಅವನು ಬಾಗಿಲನ್ನೇ ಬಿಚ್ಚಿ, ಕೀಸುಳಿ ಹಿಡಿದು, ಬರಹ ಹೋಗುವವರೆಗೆ ಹೆರೆದು, ಮತ್ತೆ ಕೂರಿಸಿದ. ಕನ್ನಡಕದಕ್ಕ ತನ್ನ ಅಂಗಡಿಯಿಂದ ಅದನ್ನು ನೋಡಿದಳು. ತಪ್ಪಿಲ್ಲದವನಾಗಿದ್ದರೆ ಕೂಗಾಡುತ್ತಿದ್ದ, ಇವನೇನು ಇಷ್ಟು ತಣ್ಣಗಿದ್ದಾನೆ ಎಂದುಕೊಂಡಳು.

ಹೀಗೆ ಹತ್ತು ವಾರ ಕಳೆಯಿತು.

ಪ್ರತಿ ಮಂಗಳವಾರ ಅವಳು ಬಸ್ ಹಿಡಿದು ಗಾಜು ಉಜ್ಜುವ ಕಾರ್ಖಾನೆಗೆ ಹೋಗುತ್ತಿದ್ದಳು. ಸುತ್ತಲಿನ ಏಳೆಂಟು ಊರುಗಳ ಕನ್ನಡಕದಂಗಡಿಗಳಿಗೆ ಅದೊಂದೇ ಕಾರ್ಖಾನೆ. ಒಂದೊಂದು ಆರ್ಡರಿಗೂ ಒಂದೊಂದು ಪ್ಲಾಸ್ಟಿಕ್ ಟ್ರೇ, ಅದರಲ್ಲಿ ಗಾಜಿನ ಜೊತೆ ನಂಬರಿನ ಚೀಟಿ. ಅವಳು ತನ್ನ ಟ್ರೇಗಳನ್ನು ಎಣಿಸುತ್ತಿರುವಾಗ ಮಷೀನಿನ ಹಿಂದಿದ್ದ ಮುದುಕ, "ಏನಕ್ಕ, ನಿಮ್ಮ ಆ ಕಷ್ಟದ ಗಿರಾಕಿ ಊರು ಬಿಟ್ರಾ?" ಎಂದ.

"ಯಾವ ಗಿರಾಕಿ?"

"ಅದೇ, ಒಂದು ಕಣ್ಣು ಆಕಾಶ, ಒಂದು ಕಣ್ಣು ಪಾತಾಳ. ಎಡಗಾಜು ಓರೆ ಉಜ್ಜಿ ಉಜ್ಜಿ ನನ್ನ ಕೈ ಬಿದ್ದುಹೋಗ್ತಿತ್ತಲ್ಲ. ಹೋದ ತಿಂಗಳು ಅದೇ ನಂಬರು ಬೇರೆ ಅಂಗಡಿಯಿಂದ ಬಂತು."

ಅವಳು ಎಣಿಸುತ್ತಿದ್ದ ಟ್ರೇಯನ್ನು ಕೆಳಗಿಟ್ಟಳು. ಚೀಟಿ ಇದೆಯಾ ಎಂದು ಕೇಳಿದಳು. ಮುದುಕ ಮೊಳೆಗೆ ಚುಚ್ಚಿದ್ದ ಹಳೆಯ ಚೀಟಿಗಳ ಕಂತೆಯನ್ನು ತಂದ. ಮೈನಸ್ ಒಂದು, ಮೈನಸ್ ಹನ್ನೊಂದೂವರೆ. ಓರೆಯ ಅಳತೆ ಅದೇ, ಎರಡು ಕಣ್ಣುಗಳ ನಡುವಿನ ಅಂತರ ಅದೇ. ತಾರೀಕು ಮಾತ್ರ ಮೇಷ್ಟ್ರು ಕಾಣೆಯಾದ ಏಳನೆಯ ವಾರದ್ದು. ಸತ್ತವರಿಗೆ ಯಾರೂ ಕನ್ನಡಕ ಮಾಡಿಸುವುದಿಲ್ಲ. ಚೀಟಿಯ ತಲೆಯಲ್ಲಿದ್ದ ಅಂಗಡಿ ಎರಡು ಗಂಟೆ ದೂರದ ಊರಿನದ್ದು. ಅವಳು ತನ್ನ ಟ್ರೇಗಳನ್ನು ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿಗೆ ನಡೆದಳು.

ಆ ಊರಿನ ಅಂಗಡಿಯವನು ಒಂದೇ ಕಸುಬಿನವಳೆಂದು ಕುರ್ಚಿ ಕೊಟ್ಟು ಕೂರಿಸಿದ. ನೆನಪಿದೆ, ನೆನಪಿಲ್ಲದೆ ಏನು, ಎಂದ. "ಗುಡ್ಡದ ಮೇಲೆ ವೃದ್ಧಾಶ್ರಮ ಇದೆಯಲ್ಲ, ಅಲ್ಲಿನ ನರ್ಸಮ್ಮ ಒಡೆದ ಗಾಜು ತಂದಿದ್ರು. ಯಾರೋ ಮೇಷ್ಟ್ರು, ಕನ್ನಡಕದ ಮೇಲೆ ಕೂತ್ಬಿಟ್ರಂತೆ."

ವೃದ್ಧಾಶ್ರಮದ ಜಗಲಿಯಲ್ಲಿ ಸಾಲಾಗಿ ಬೆತ್ತದ ಕುರ್ಚಿಗಳಿದ್ದವು. ನಾಲ್ಕನೆಯದರಲ್ಲಿ ಮೇಷ್ಟ್ರು ಕೂತಿದ್ದರು. ಬೂದು ಸ್ವೆಟರ್ ಒಗೆದು ಸ್ವಚ್ಛವಾಗಿತ್ತು, ಗಡ್ಡ ಹೆರೆದಿತ್ತು, ಮೈಯೂ ಸ್ವಲ್ಪ ತುಂಬಿಕೊಂಡಿತ್ತು. ಅವಳನ್ನು ನೋಡಿ, "ನೀನು ಯಾವ ಕ್ಲಾಸು?" ಎಂದರು.

"ಏಳನೇ ಕ್ಲಾಸು ಸರ್" ಎಂದಳು.

"ನಕ್ಷೆ ತಂದಿದ್ದೀಯಾ?"

"ನಾಳೆ ತರ್ತೀನಿ."

"ಎಲ್ಲರೂ ನಾಳೆ ಅಂತಾರೆ" ಎಂದು ಮೇಷ್ಟ್ರು ಬೇಸರದಿಂದ ಮುಖ ತಿರುಗಿಸಿದರು. ಹೊಸ ಫ್ರೇಮು ಎಡಕ್ಕೆ ವಾಲಿತ್ತು. ಅವಳು ಅದನ್ನು ಮೆಲ್ಲಗೆ ತೆಗೆದು, ಕಿವಿಗೆ ಸಿಗಿಸುವ ಕಡ್ಡಿಯನ್ನು ಬೆರಳಿನಿಂದ ಬಗ್ಗಿಸಿ, ಮತ್ತೆ ಹಾಕಿದಳು. ಅವರು ಅಷ್ಟು ಹೊತ್ತು ಕಣ್ಣು ಮುಚ್ಚಿ ತಲೆ ಕೊಟ್ಟು ಕೂತಿದ್ದರು. ಕಣ್ಣು ಬಿಟ್ಟ ಮೇಲೂ ಗುರುತು ಹಿಡಿಯಲಿಲ್ಲ.

ಪಕ್ಕದಲ್ಲಿ ನಿಂತಿದ್ದ ನರ್ಸು ಹೇಳಿದಳು: "ಇವರ ತಂಗಿನೇ ಇಲ್ಲಿ ಸೇರಿಸಿದ್ದು. ಪಾಪ, ಒಂದು ಗುರುವಾರನೂ ತಪ್ಪಿಸಲ್ಲ. ಅವರು ಬಂದ ದಿನ ಇವರು ಎರಡು ತುತ್ತು ಜಾಸ್ತಿ ತಿಂತಾರೆ."

ಗುರುವಾರ ಎಂಬುದು ಗಲ್ಲಿಗೆಲ್ಲ ಗೊತ್ತಿತ್ತು. ಚಿಕ್ಕಮ್ಮ ಅಣ್ಣನನ್ನು ಹುಡುಕಿಕೊಂಡು ಊರೂರು ಆಸ್ಪತ್ರೆ ಸುತ್ತುವ ದಿನ ಅದು. ಬೇಕರಿಯವಳು ಪ್ರತಿ ವಾರ ಬಸ್ಸಿಗೆಂದು ಬನ್ನು ಕಟ್ಟಿಕೊಟ್ಟು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಬುಧವಾರ ಬೆಳಿಗ್ಗೆ ಕನ್ನಡಕದಕ್ಕ ಅಂಗಡಿ ತೆರೆಯಲಿಲ್ಲ. ನೇರ ಮೇಷ್ಟ್ರ ಮನೆಗೆ ಹೋಗಿ, ಒಳಗೆ ಬಂದು, ಬಾಗಿಲು ಹಾಕಿದಳು. ಗೋಡೆಯ ಮೇಲೆ ದೊಡ್ಡ ಭೂಪಟ, ಮೇಜಿನ ಮೇಲೆ ಒಂದೇ ತಟ್ಟೆ. ಚಿಕ್ಕಮ್ಮ ಹಳೆಯ ಪೇಪರುಗಳನ್ನು ಮಡಿಸುತ್ತಿದ್ದರು.

"ನಿನ್ನೆ ಗುಡ್ಡಕ್ಕೆ ಹೋಗಿದ್ದೆ, ಚಿಕ್ಕಮ್ಮ."

ಚಿಕ್ಕಮ್ಮನ ಕೈ ನಿಂತಿತು. ಆಮೇಲೆ ಮಡಿಸುತ್ತಿದ್ದ ಪೇಪರನ್ನು ಮಡಿಸಿಯೇ ಕೆಳಗಿಟ್ಟರು. "ಹೇಗಿದ್ದ?" ಎಂದರು.

"ಚೆನ್ನಾಗಿದಾರೆ. ನನ್ನ ಯಾವ ಕ್ಲಾಸು ಅಂತ ಕೇಳಿದ್ರು."

"ನನ್ನನ್ನೂ ಅದೇ ಕೇಳ್ತಾನೆ" ಎಂದ ಚಿಕ್ಕಮ್ಮ, ತಡೆದು ತಡೆದು ಎಲ್ಲ ಹೇಳಿದರು. ಎರಡು ವರ್ಷದಿಂದ ಹೀಗೆ. ಮೊದಲು ಹೆಸರು ಮರೆತ, ಆಮೇಲೆ ದಾರಿ, ಆಮೇಲೆ ತಂಗಿಯನ್ನೇ. ಒಂದು ದಿನ ಅಡುಗೆಮನೆಯಲ್ಲಿ ಯಾರೋ ಕಳ್ಳಿ ಹೊಕ್ಕಿದ್ದಾಳೆಂದು ಕೋಲು ತೆಗೆದುಕೊಂಡು ಬಂದ. ತೋಳಿನ ಮೇಲಿನ ಗಾಯ ಕಾಣದಿರಲೆಂದು ಆ ಬೇಸಿಗೆಯಿಡೀ ಅವರು ಉದ್ದ ತೋಳಿನ ರವಿಕೆ ಹಾಕಿದ್ದರು. ಕೊನೆಗೆ ವೃದ್ಧಾಶ್ರಮಕ್ಕೆ ಫೋನ್ ಮಾಡಿದರು. ಸೋಮವಾರ ಬೆಳಕು ಹರಿಯುವ ಮುಂಚೆ ಅವರ ವ್ಯಾನು ದೊಡ್ಡ ರಸ್ತೆಗೆ ಬಂತು. ಮಕ್ಕಳ ಪ್ರವಾಸ ಇದೆ ಎಂದಾಗ ಅಣ್ಣ ಖುಷಿಯಿಂದ ಹತ್ತಿ ಕೂತ.

"ಇದನ್ನ ನಮಗೆ ಹೇಳೋಕೆ ಏನಾಗಿತ್ತು?"

"ಮೂಲೆಮನೆಯವಳು ಅತ್ತೇನ ಆಶ್ರಮಕ್ಕೆ ಸೇರಿಸಿದಾಗ ಈ ಗಲ್ಲಿ ಏನೇನಂತು, ನೆನಪಿಲ್ವಾ? ನಾಲ್ಕು ವರ್ಷ ಅಂದ್ರು. ಅವಳು ಮನೆ ಮಾರಿ ಹೋದ್ಮೇಲೂ ಅಂದ್ರು. ನಾನೂ ಅಂದೆ." ಚಿಕ್ಕಮ್ಮ ಪೇಪರಿನ ಮಡಿಕೆಯನ್ನು ಬೆರಳಿನಿಂದ ಒತ್ತಿದರು. "ಬೇಕರಿಯವಳು ಕೇಳಿದ್ಲು, ಮೇಷ್ಟ್ರೆಲ್ಲಿ ಅಂತ. ವಾಕಿಂಗ್ ಹೋದ್ರು ಅಂದೆ. ಒಂದೆರಡು ದಿನ ಬಿಟ್ಟು, ನೆಂಟರ ಮನೆಗೆ ಹೋದ ಅಂತ ಹೇಳೋಣ ಅಂದ್ಕೊಂಡಿದ್ದೆ. ಅಷ್ಟರಲ್ಲಿ ಕಂಡಕ್ಟರು ಸ್ಟೇಷನ್ನಿಗೇ ಹೋಗ್ಬಿಟ್ರು. ನನ್ನ ಬಾಯಿಂದ ಬಂದಿದ್ದು ಒಂದೇ ಸುಳ್ಳು ಕಣೆ. ಮಿಕ್ಕಿದ್ದೆಲ್ಲ ನೀವೇ ಕಟ್ಟಿದ್ರಿ."

"ಒಂದಲ್ಲ, ಎರಡು. ಅಣ್ಣನಿಗೆ ಏನೂ ಆಗಿರ್ಲಿಲ್ಲ ಅಂದ್ರಲ್ಲ. ಬಡಗಿ ಹೇಳಿದ್ದು ನಿಜ ಅಂತ ನಿಮಗೊಬ್ಬರಿಗೇ ಗೊತ್ತಿತ್ತು."

ಚಿಕ್ಕಮ್ಮ ಮಡಿಸಿಟ್ಟ ಪೇಪರನ್ನು ಬಿಚ್ಚಿ ಮತ್ತೆ ಮಡಿಸಿದರು. "ಭಾನುವಾರದವರೆಗೆ ಟೈಮ್ ಕೊಡು" ಎಂದರು. "ನಾಳೆ ಅವನನ್ನ ನೋಡ್ಕೊಂಡು ಬರ್ತೀನಿ. ಭಾನುವಾರ ಎಲ್ಲರನ್ನೂ ಕರೆದು ನಾನೇ ಹೇಳ್ತೀನಿ. ನೀನು ಹೇಳಿದ್ರೆ ಸಿಕ್ಕಿಬಿದ್ದ ಹಾಗಾಗುತ್ತೆ. ನಾನೇ ಹೇಳಿದ್ರೆ ಅಷ್ಟಾದರೂ ಮುಖ ಉಳಿಯುತ್ತೆ."

ಕನ್ನಡಕದಕ್ಕ ಒಪ್ಪಿದಳು. ಹತ್ತು ವಾರ ಕಾದದ್ದಾಗಿದೆ, ಇನ್ನು ನಾಲ್ಕು ದಿನಕ್ಕೆ ಏನು ಮುಳುಗುತ್ತದೆ ಎಂಬುದು ಅವಳ ಲೆಕ್ಕ. ಆ ದಿನ ಸಂಜೆ ಬಡಗಿ ಅಂಗಡಿಯ ಮುಂದೆ ಹಾದುಹೋದ. ಅವಳು ಅಕ್ಷರದ ಬೋರ್ಡನ್ನು ಒರೆಸುವ ನೆಪದಲ್ಲಿ ಬೆನ್ನು ತಿರುಗಿಸಿದಳು.

ಶುಕ್ರವಾರ ಹತ್ತೂವರೆಗೆ ಗಲ್ಲಿಯ ಆ ತುದಿಯಿಂದ ದಬ್ ದಬ್ ಎಂಬ ಸದ್ದು ಶುರುವಾಯಿತು. ಬೇಕರಿಯವಳು ಕೈಗೆ ಹಿಟ್ಟು ಮೆತ್ತಿಕೊಂಡೇ ಓಡಿಬಂದಳು. "ಅಗೀತಿದಾರೆ ಅಕ್ಕ. ಬಾ ಬೇಗ."

ಬಡಗಿಯ ಹಿತ್ತಲಿನಲ್ಲಿ ಹದಿನೈದು ಇಪ್ಪತ್ತು ಜನ ಸೇರಿದ್ದರು. ಇಬ್ಬರು ಸರದಿಯ ಮೇಲೆ ಗುದ್ದಲಿ ಬೀಸುತ್ತಿದ್ದರು. ಕಂಡಕ್ಟರು ನೋಟ್‌ಬುಕ್ ಕಂಕುಳಲ್ಲಿಟ್ಟುಕೊಂಡು ಇಲ್ಲಿ, ಅಲ್ಲಿ ಎಂದು ತೋರಿಸುತ್ತಿದ್ದರು. ಬಲವಂತವಾಗಿ ನುಗ್ಗಿದ್ದಲ್ಲ, ಬೆಳಿಗ್ಗೆ ಬಾಗಿಲು ಬಡಿದು ಕೇಳಿದಾಗ ಬಡಗಿಯೇ ಒಳಗೆ ಬಿಟ್ಟಿದ್ದ. ಗೋಡೆಗೆ ಒರಗಿಸಿದ್ದ ಹಲಗೆಗಳ ಪಕ್ಕದ ಮೊಳಕಾಲೆತ್ತರದ ಸ್ಟೂಲಿನ ಮೇಲೆ ಕೂತು ಅವನು ನೋಡುತ್ತಿದ್ದ. ಅವನ ಹೆಂಡತಿ ಅಡುಗೆಮನೆಯ ಕಿಟಕಿಯ ಹಿಂದಿದ್ದಳು.

ಸಿಮೆಂಟಿನ ಅರ್ಧ ಕಿತ್ತು ಬಂದಿತ್ತು. ಕೆಳಗೆ ಕಲ್ಲು, ಅದರ ಕೆಳಗೆ ಬಚ್ಚಲಿಗೆ ನೀರು ಬರುವ ಹೊಸ ಪೈಪು. ಗುದ್ದಲಿಯ ಪೆಟ್ಟಿಗೆ ಪೈಪು ಒಡೆದು ನೀರು ಚಿಮ್ಮಿತು. "ಇನ್ನೂ ಒಂದಡಿ" ಎಂದರು ಕಂಡಕ್ಟರು.

"ಸಾಕು ನಿಲ್ಸಿ" ಎಂದಳು ಕನ್ನಡಕದಕ್ಕ. ತನ್ನ ದನಿ ಅಷ್ಟು ಸಣ್ಣಗೆ ಹೊರಟಿದ್ದು ಅವಳಿಗೇ ಕೇಳಿಸಿತು. ಮತ್ತೊಮ್ಮೆ ಹೇಳಿದಳು. "ನಿಲ್ಸಿ. ಮೇಷ್ಟ್ರು ಬದುಕಿದಾರೆ. ನಾನು ಕಣ್ಣಾರೆ ನೋಡಿ ಬಂದಿದೀನಿ."

ಗುದ್ದಲಿ ಎತ್ತಿದವನು ಎತ್ತಿದಂತೆಯೇ ನಿಂತ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಆ ಗದ್ದಲದಲ್ಲಿ ಮೇಲೆದ್ದದ್ದು ಬಡಗಿಯ ಪ್ರಶ್ನೆ. ಅವನು ಸ್ಟೂಲಿನಿಂದ ಎದ್ದಿರಲಿಲ್ಲ.

"ಯಾವತ್ತು ನೋಡಿದ್ರಿ ಅಕ್ಕ?"

"ಮಂಗಳವಾರ."

"ಇವತ್ತು ಶುಕ್ರವಾರ" ಎಂದ ಬಡಗಿ.

ಜನರ ಹಿಂದಿನಿಂದ ಚಿಕ್ಕಮ್ಮನ ದನಿ ಬಂತು. ಯಾರು ಹೋಗಿ ಹೇಳಿದರೋ, ಕೈಯಲ್ಲಿ ಒಗೆಯುವ ಬಟ್ಟೆ ಹಿಡಿದುಕೊಂಡೇ ಬಂದಿದ್ದರು. ಜನ ದಾರಿ ಬಿಟ್ಟರು. ಅವರು ನೀರು ತುಂಬುತ್ತಿದ್ದ ಗುಂಡಿಯ ಅಂಚಿಗೆ ಬಂದು ನಿಂತು, ಗಲ್ಲಿಯವರ ಮುಖ ನೋಡದೆ ಬಡಗಿಯೊಬ್ಬನಿಗೆ ಹೇಳಿದರು: ಅಣ್ಣ ಎಲ್ಲಿದ್ದಾನೆ, ಯಾರು ಸೇರಿಸಿದ್ದು, ಯಾವತ್ತಿನಿಂದ ಅವನ ತಲೆ ಸರಿ ಇರಲಿಲ್ಲ. "ನೀನು ಹೇಳಿದ್ದು ನಿಜ ಅಂತ ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ" ಎಂದರು. ಕ್ಷಮಿಸು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಬಂದಿದ್ದರೂ ಏನಾಗುತ್ತಿತ್ತೋ ಹೇಳುವುದು ಕಷ್ಟ.

ಬಡಗಿ ಎದ್ದು ಹೋಗಿ ನೀರಿನ ವಾಲ್ವು ಮುಚ್ಚಿದ. ಕಂಡಕ್ಟರು ಸಿಮೆಂಟು, ಪೈಪು ಎಲ್ಲ ಗಲ್ಲಿಯವರೇ ಸೇರಿ ಹಾಕಿಸಿಕೊಡುತ್ತೇವೆ ಎಂದು ಮುಂದೆ ಬಂದರು. "ಬೇಡ ಸಾರ್, ನಾನೇ ಮಾಡ್ಕೊಳ್ತೀನಿ. ನೀವೆಲ್ಲ ಇನ್ನು ಹೊರಡಿ" ಎಂದ.

ಮುಂದಿನ ವಾರ ಇನ್ಸ್‌ಪೆಕ್ಟರ್ ಬಂದು ಚಿಕ್ಕಮ್ಮನ ಹೇಳಿಕೆ ಬರೆದುಕೊಂಡು, ಎರಡು ಮಾತು ಬೈದು, ಫೈಲು ಮುಚ್ಚಿದರು. ಗಲ್ಲಿಯವರು ಹತ್ತು ವಾರದ ಕೋಪವನ್ನು ಬಡಗಿಯ ಬಾಗಿಲಿಂದ ಎತ್ತಿ ಚಿಕ್ಕಮ್ಮನ ಬಾಗಿಲಿಗೆ ತಂದಿಟ್ಟರು. ಬೇಕರಿಯವಳಂತೂ ತಾನು ಕಟ್ಟಿಕೊಟ್ಟ ಬನ್ನುಗಳನ್ನು ಒಂದೊಂದಾಗಿ ನೆನೆಸಿಕೊಂಡಳು. ಮೊದಲ ತಿಂಗಳು ಜನ ಗುಂಪುಗುಂಪಾಗಿ ಗುಡ್ಡಕ್ಕೆ ಹೋಗಿ ಮೇಷ್ಟ್ರನ್ನು ನೋಡಿ ಬಂದರು. ಮೇಷ್ಟ್ರು ಅವರೆಲ್ಲರನ್ನೂ ಯಾವ ಕ್ಲಾಸು ಎಂದು ಕೇಳಿದರು. ಎರಡನೆಯ ತಿಂಗಳಿಗೆ ಹೋಗುವವರು ಕಡಿಮೆಯಾದರು. ಆಮೇಲೆ ಗುರುವಾರದ ಬಸ್ಸಿನಲ್ಲಿ ಚಿಕ್ಕಮ್ಮ ಒಬ್ಬರೇ. ಒಮ್ಮೊಮ್ಮೆ ಅಂಗಡಿ ಮುಚ್ಚಿ ಕನ್ನಡಕದಕ್ಕನೂ ಜೊತೆಗೆ ಹೋಗುತ್ತಿದ್ದಳು. ದಾರಿಯಲ್ಲಿ ಅವರಿಬ್ಬರು ಹೆಚ್ಚೇನೂ ಮಾತಾಡುತ್ತಿರಲಿಲ್ಲ.

ಬಡಗಿ ಹಿತ್ತಲಿಗೆ ಮತ್ತೆ ಸಿಮೆಂಟ್ ಹಾಕಿದ, ಪೈಪು ಸರಿ ಮಾಡಿದ, ಮನೆ ಖಾಲಿ ಮಾಡಿದ. ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ದೊಡ್ಡದೊಂದು ಶೆಡ್ಡು ಹಿಡಿದಿದ್ದಾನೆಂದು ತಿಳಿಯಿತು. ಕನ್ನಡಕದಕ್ಕ ಹೋಗುವುದೋ ಬೇಡವೋ ಎಂದು ಮೂರು ವಾರ ಮೀನಮೇಷ ಎಣಿಸಿ, ಕೊನೆಗೆ ಒಂದು ಬೆಳಿಗ್ಗೆ ಹೋದಳು. ಅವನು ಮೇಜಿನ ಕಾಲೊಂದನ್ನು ಉಜ್ಜುತ್ತಿದ್ದ. ಕೆಲಸ ನಿಲ್ಲಿಸದೆ ಬನ್ನಿ ಎಂದ.

"ವಿಷಯ ಗೊತ್ತಿದ್ದೂ ಮೂರು ದಿನ ಸುಮ್ನಿದ್ದೆ" ಎಂದಳು. "ತಪ್ಪಾಯ್ತು. ಅದನ್ನ ಹೇಳೋಕೆ ಬಂದೆ."

"ಆ ಮೂರು ದಿನ ಬಿಡಿ ಅಕ್ಕ. ಅದಕ್ಕೆ ಮುಂಚೆ ಹತ್ತು ವಾರ ಇತ್ತಲ್ಲ, ಆವಾಗ ನೀವು ಏನಂದ್ಕೊಂಡಿದ್ರಿ?"

ಸುಳ್ಳು ಹೇಳುವುದಕ್ಕೆ ಅವಳಿಗೆ ಸಮಯವಿತ್ತು. ಬಡಗಿ ಉಜ್ಜುಕಾಗದವನ್ನು ತಿರುಗಿಸಿ ಮಡಿಸಿಕೊಳ್ಳುವವರೆಗೂ ಅವಳು ಯೋಚಿಸಿದಳು.

"ನೀನೇ ಮಾಡಿದೀಯ ಅಂದ್ಕೊಂಡಿದ್ದೆ."

ಬಡಗಿ ತಲೆಯಾಡಿಸಿದ. "ಗಲ್ಲಿಯಿಂದ ಆರು ಜನ ಬಂದ್ಹೋದ್ರು ಇಲ್ಲಿಗೆ. ಆರೂ ಜನ, ನಾವು ಒಂದು ದಿನಾನೂ ನಿನ್ನ ಮೇಲೆ ಅನುಮಾನ ಪಟ್ಟಿರ್ಲಿಲ್ಲ ಅಂದ್ರು." ಮೇಜಿನ ಕಾಲನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ನೇರವಿದೆಯೇ ಎಂದು ನೋಡಿದ. "ಕೂತ್ಕೊಳ್ಳಿ. ಆ ಸ್ಟೂಲ್ ಬೇಡ, ಅದಕ್ಕೆ ಈಗಷ್ಟೇ ಪಾಲಿಶ್ ಹಾಕಿದೀನಿ."

ಅವಳು ಇನ್ನೊಂದು ಸ್ಟೂಲನ್ನು ಎಳೆದುಕೊಂಡು ಕೂತಳು. ಅವನು ಎರಡನೆಯ ಕಾಲನ್ನು ಕೈಗೆತ್ತಿಕೊಂಡ.